ಟರ್ಬೊ ಮೇಲಿನ ಕೆಂಪು ಗೆರೆ

ಮಾರ್ಚ್ 2, ಭಾನುವಾರ

ಮತ್ತೆ ಅದೇ ಗೋಳು. ಹೆದ್ದಾರಿ ಏರಿನಲ್ಲಿ ಪಿಕಪ್ ಸತ್ತುಹೋಯ್ತು. ಎಷ್ಟು ತುಳಿದರೂ ಗಾಡಿ ಮುಂದೆ ಹೋಗಲ್ಲ, ಹಿಂದೆ ಕಪ್ಪು ಹೊಗೆ. ಲಾರಿಯವನು ಹಾರ್ನ್ ಹೊಡೆದು ಹೊಡೆದು ತಲೆ ಚಿಟ್ಟು ಹಿಡಿಸಿದ. ಅವನಿಗೂ ಬೈದೆ, ಗಾಡಿಗೂ ಬೈದೆ.

ನಾನು ಸ್ಟೀರಿಂಗ್ ಹಿಡಿಯೋದೇ ವಾರಕ್ಕೊಂದು ಸಲ. ಉಳಿದ ದಿನ ಅಪ್ಪನ ಕೈಲಿ — ನನ್ನ ಮಗಳು ಪುಟ್ಟಿಯನ್ನ ಸ್ಕೂಲಿಗೆ ಬಿಡೋದು, ಕರ್ಕೊಂಡು ಬರೋದು. ಅವರಿಗೆ ಯಾವ ತೊಂದರೆಯೂ ಕೊಡಲ್ಲವಂತೆ. ನನ್ನ ಕಂಡ್ರೇ ಆಗಲ್ಲ ಈ ದರಿದ್ರ ಗಾಡಿಗೆ.

ಮಾರ್ಚ್ 5

ಗ್ಯಾರೇಜಿನ ಮೇಸ್ತ್ರಿ ನೋಡಿದ. ಎಂಜಿನ್ನಿಗೆ ಗಾಳಿ ತುಂಬೋ ಟರ್ಬೊ ಒಳಗಿನ ಪುಟ್ಟ ರೆಕ್ಕೆಗಳಿಗೆ ಮಸಿ ಕಟ್ಟಿ, ಅಲ್ಲಾಡದ ಹಾಗೆ ಸಿಕ್ಕಿಕೊಂಡಿವೆ. "ಹೊಸದೇ ಹಾಕ್ಸಿ ಅಕ್ಕಾ."

ಕ್ಲೀನ್ ಮಾಡಕ್ಕಾಗಲ್ವಾ ಅಂದೆ. ಯಾರೂ ಮಾಡಲ್ಲವಂತೆ! ಮೈ ಬಗ್ಗಲ್ಲ ಅನ್ನೋ ಮಾರಾಯಾ. ಅಷ್ಟಕ್ಕೇ ಬಾಯಿ ಮುಚ್ಚಿದನಾ... "ಯಾರಕ್ಕಾ ಇದನ್ನ ಓಡ್ಸೋದು? ಓಡಿಸ್ತಾರೋ ತೆವಳಿಸ್ತಾರೋ? ದಿನಾ ಇಪ್ಪತ್ತರ ಸ್ಪೀಡಲ್ಲಿ ಹೋದ್ರೆ ಮಸಿ ಕೂರದೆ ಇನ್ನೇನು?"

ಮೈ ಉರಿದುಹೋಯ್ತು. ನಮ್ಮಪ್ಪ ಮೂವತ್ತೊಂದು ವರ್ಷ ಬಸ್ ಓಡಿಸಿದವರು ಕಣಯ್ಯಾ, ಒಂದು ನಾಯಿಮರಿಗೂ ತಾಗಿಸಿಲ್ಲ, ಅವರ ಬಗ್ಗೆ ಮಾತಾಡ್ತೀಯಾ — ಚೆನ್ನಾಗಿ ಜಾಡಿಸಿ ಬಂದೆ. ಫ್ಯಾಕ್ಟರಿಯಲ್ಲಿ ದಿನಕ್ಕೆ ಹತ್ತು ಪಂಪ್ ಬಿಚ್ಚಿ ಜೋಡಿಸೋ ಕೈ ಇದು. ನಾನೇ ಮಾಡ್ತೀನಿ.

ಮಾರ್ಚ್ 8, ಶನಿವಾರ, ಮಧ್ಯಾಹ್ನ

ಆರು ಗಂಟೆ ಒದ್ದಾಡಿ ಟರ್ಬೊ ಇಳಿಸಿದೆ. ಒಂದು ಬೋಲ್ಟು ಜಪ್ಪಯ್ಯ ಅಂದ್ರೂ ಬರಲಿಲ್ಲ. ಬಂದಾಗ ನನ್ನ ಗೆಣ್ಣಿನ ಚರ್ಮವನ್ನೂ ಕಿತ್ತುಕೊಂಡೇ ಬಂತು.

ಎರಡು ಭಾಗ ಬೇರೆ ಮಾಡೋ ಮುಂಚೆ, ಅವು ಕೂಡೋ ಜಾಗಕ್ಕೆ ಪುಟ್ಟಿಯ ನೇಲ್ ಪಾಲಿಶಿನಲ್ಲಿ ಕೆಂಪು ಗೆರೆ ಎಳೆದೆ, ಮೂರು ಕಡೆ. ಜೋಡಿಸುವಾಗ ಗೆರೆಗೆ ಗೆರೆ ಕೂಡಬೇಕು. ಸ್ವಲ್ಪ ಆಚೀಚೆ ಆದರೂ ಪಟ್ಟ ಪಾಡೆಲ್ಲ ಮಣ್ಣುಪಾಲು. ಬಿಡಿಭಾಗ ಡೀಸೆಲ್‌ನಲ್ಲಿ ನೆನೆಹಾಕಿದೀನಿ.

ಮಾರ್ಚ್ 9

ಪೆನ್ನು ಒತ್ತಿ ಒತ್ತಿ ಹಾಳೆ ಹರೀತಿದೆ. ಸಿಟ್ಟಿಗೆ.

ಅಪ್ಪ ತೊಳೆದುಕೊಡ್ತೀನಿ ಅಂದರು. "ಕೆಂಪು ಗೆರೆ ಮುಟ್ಟಬೇಡಿ" ಅಂತ ಎರಡೆರಡು ಸಲ ಹೇಳಿ, ಸಂದಿಗೆ ಹಾಕೋ ಗ್ಯಾಸ್ಕೆಟ್ ತರಕ್ಕೆ ಹೋದೆ. ಬಂದು ನೋಡಿದರೆ ಥಿನ್ನರ್ ಹಾಕಿ ಉಜ್ಜಿ ಫಳಫಳ ಅನ್ನಿಸಿದಾರೆ! ಗೆರೆ ಒಂದೂ ಇಲ್ಲ.

"ಗೆರೆ ಎಲ್ಲಪ್ಪಾ?"

"ಆಗ್ಲೇ ಅಳಿಸಿಹೋಗಿತ್ತೇನೋಮ್ಮಾ. ಇರಲಿಲ್ವಲ್ಲ."

ಇರಲಿಲ್ಲವಂತೆ. ಕಣ್ಣಿಗೆ ರಾಚೋ ಕೆಂಪು, ಬೆರಳುದ್ದ! ಬಾಯಿಗೆ ಬಂದದ್ದೆಲ್ಲ ಅಂದೆ. "ಬರದೇ ಇದ್ರೆ ಮೂಲೇಲಿ ಸುಮ್ನೆ ಕೂತಿರಿ" ಅಂತಲೂ ಅಂದೆ. ಅಪ್ಪ ಬಟ್ಟೆ ಮಡಚಿಟ್ಟು ಒಳಗೆ ಹೋದರು. ಫೋಟೋ ತೆಗೆದಿಟ್ಟುಕೊಳ್ಳದ ನಾನೂ ಒಬ್ಬಳು ಪೆದ್ದಿ.

ಮಾರ್ಚ್ 14

ಐದು ದಿನ ಮಾತಿಲ್ಲ ಕತೆಯಿಲ್ಲ.

ಮಸಿ ಪೂರ್ತಿ ಬಿಟ್ಟಿದೆ. ರೆಕ್ಕೆ ತಿರುಗಿಸೋ ಲಿವರ್ ಬೆರಳ ತುದಿಗೇ ಆಡುತ್ತೆ. ಆದರೆ ಜೋಡಿಸೋದು ಹೇಗೆ? ತಿರುಗಿಸ್ತಾ ಕೂತಿದ್ದೆ. ಅಪ್ಪ ಬಂದು ಎರಡೂ ತುಂಡು ತೊಡೆ ಮೇಲಿಟ್ಟುಕೊಂಡರು. ಮುಖ ಬೀದಿ ಕಡೆ. ಹೆಬ್ಬೆರಳು ಮಾತ್ರ ಅಂಚಿನ ಸುತ್ತ ಹೋಗ್ತಿತ್ತು.

"ಇಲ್ಲೊಂದು ಗೀರಿದೆ. ಇದರಲ್ಲೂ ಇದೆ. ಎರಡೂ ಒಂದೇ ಗೀರು ಕಣಮ್ಮಾ, ಕೂಡ್ಸು."

ಕೂಡಿಸಿದೆ. ಟಕ್ ಅಂತ ಕೂತಿತು. ನನಗೆ ಟಾರ್ಚ್ ಹಾಕಿದರೂ ಕಾಣದ ಗೀರು, ಅಪ್ಪ ಒಮ್ಮೆಯೂ ನೋಡಲಿಲ್ಲ. ಸುಮ್ಮನೆ ಅಂದೆ — "ಮತ್ತೆ ಕೆಂಪು ಗೆರೆ ಎಳೆದಿದೀನಿ ನೋಡಿ." ಎಳೆದಿರಲಿಲ್ಲ.

ಹತ್ತಿರ ಹಿಡಿದು ನೋಡಿದರು. "ಹ್ಞೂಂ. ಈ ಸಲ ನೀಟಾಗಿದೆ."

ಅದೇ ದಿನ, ಸಂಜೆ

ಪುಟ್ಟಿಯನ್ನ ಕೇಳಿದೆ, ಅಜ್ಜ ಹೇಗೆ ಓಡಿಸ್ತಾರೆ ಅಂತ. "ಮೆಲ್ಲಗೆ. ಸಿಗ್ನಲ್ ಬಂದ್ರೆ ನಾನು ಬಣ್ಣ ಹೇಳ್ಬೇಕು. ಕರೆಕ್ಟಾಗಿ ಹೇಳಿದ್ರೆ ಚಾಕ್ಲೇಟ್. ಅದೊಂದು ಆಟ ಅಮ್ಮಾ, ನಿಂಗೆ ಹೇಳ್ಬಾರ್ದಂತೆ."

ಎಂಟು ವರ್ಷದ ಕೂಸು! ದಿನಾ ಎರಡು ಹೊತ್ತು ಅವಳ ಜೀವ ಅವಳ ಬಾಯಲ್ಲೇ ಇತ್ತು. ಅಪ್ಪನ ಮೇಲೆ ಇಂಥ ಸಿಟ್ಟು ನನಗೆ ಈ ಜನ್ಮದಲ್ಲಿ ಬಂದಿರಲಿಲ್ಲ. ಬಾಯಿ ಬಿಟ್ಟು ಹೇಳಕ್ಕೇನಾಗಿತ್ತು? ಮೇಸ್ತ್ರಿ ಮುಖದ ಮೇಲೆ ಹೊಡೆದ ಹಾಗೆ ಹೇಳಿದ್ದ, ಅವನಿಗೇ ಬೈದು ಬಂದೆನಲ್ಲ... ಕಣ್ಣಿದ್ದ ನನಗೆ ಏನಾಗಿತ್ತು?

ಅಪ್ಪನಿಗೆ ಇನ್ನೂ ಒಂದು ಮಾತೂ ಹೇಳಿಲ್ಲ.

ಮಾರ್ಚ್ 16, ಭಾನುವಾರ

ಟರ್ಬೊ ಏರಿಸಿ ಹೆದ್ದಾರಿಗೆ ಒಯ್ದೆ. ಆಕ್ಸಿಲರೇಟರ್ ಚೆನ್ನಾಗಿ ತುಳಿದೆ. ಒಂದಿಷ್ಟು ಕಪ್ಪು ಹೊಗೆ ಉಗುಳಿ, ಆಮೇಲೆ ಕುದುರೆ ಹಾಗೆ ಏರು ಹತ್ತಿತು. ಖುಷಿ ಒಂಚೂರೂ ಆಗಲಿಲ್ಲ.

ಗೇಟಿನಲ್ಲಿ ಅಪ್ಪ ಸದ್ದು ಕೇಳ್ತಾ ನಿಂತಿದ್ದರು. "ಭೇಷ್! ಹೊಸ ಗಾಡಿ ಆಯ್ತು. ವಾರದಿಂದ ಮಗು ಪಟ್ಟ ಬಸ್ಸಿನ ಕಾಟ ನಾಳೆಯಿಂದ ತಪ್ತು."

ಮಾರ್ಚ್ 17, ಸೋಮವಾರ

ಶಿಫ್ಟ್ ಬದಲಾಯಿಸಿಕೊಂಡೆ. ಅಪ್ಪ ಇಸ್ತ್ರಿ ಶರ್ಟ್ ಹಾಕಿ ಡ್ರೈವರ್ ಬಾಗಿಲ ಹತ್ತಿರ ಕೈ ಚಾಚಿ ನಿಂತಿದ್ದರು. ಕೀ ನನ್ನ ಮುಷ್ಟಿಯಲ್ಲಿ. ಜಗಳಕ್ಕೆ ತಯಾರಾಗೇ ಬಂದಿದ್ದೆ.

"ಇವತ್ತು ನಾನು ಬಿಡ್ತೀನಪ್ಪಾ. ನಾಳೆನೂ."

ಅಪ್ಪ ಬಾನೆಟ್ ಮೇಲೆ ಕೈ ಆಡಿಸ್ತಾ ಸುತ್ತಿಬಂದು, ಪಕ್ಕದ ಸೀಟಿನಲ್ಲಿ ಕೂತರು.

ಮೊದಲನೇ ಸಿಗ್ನಲ್. ಹಿಂದಿನ ಸೀಟಿನಿಂದ ಪುಟ್ಟಿ ಕೂಗಿದಳು — "ಕೆಂಪು, ಅಜ್ಜಾ!"

ಅಪ್ಪನ ಬಲಗಾಲು ಖಾಲಿ ಮ್ಯಾಟನ್ನ ಒತ್ತಿ ಹಿಡಿಯಿತು. ಹಸಿರಾಯ್ತು, ಹಿಂದಿನವರು ಹಾರ್ನ್ ಹೊಡೀತಿದಾರೆ, ಪುಟ್ಟಿ ಯಾಕೋ ಹಸಿರು ಅನ್ನಲಿಲ್ಲ, ಅಪ್ಪ ಕಾಲು ತೆಗೀಲಿಲ್ಲ, ನಾನೇ ಅಂದೆ — "ಹಸಿರು, ಅಪ್ಪಾ."