ಕಾಲು ಸುತ್ತು

ಮಾರ್ಚ್ ೩, ಬೆಳಿಗ್ಗೆ

ನಡುಸಮುದ್ರದ ನಮ್ಮ ರಿಗ್‌ನ ಏಳನೇ ಬಾವಿಯ ಎಣ್ಣೆ ಬಾಟಲಿಗೆ ತುಂಬಿ, ಚೀಟಿ ಅಂಟಿಸಿ ಲ್ಯಾಬಿಗೆ ಕೊಟ್ಟೆ. ದಡದಿಂದ ಹೊಸದಾಗಿ ಬಂದಿರುವ ಲ್ಯಾಬ್ ಮೇಡಂ ಚೀಟಿ ನೋಡಿ, "ಅಕ್ಷರ ಮುತ್ತಿನ ಹಾಗಿದೆ. ಯಾರು ಬರೆದಿದ್ದು?" ಅಂದರು. ನಾನೇ ಅನ್ನಲು ಬಾಯಿ ಬರಲಿಲ್ಲ. ತಲೆ ಆಡಿಸಿ ಬಂದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನ ಅಕ್ಷರ!

ಮಾರ್ಚ್ ೪

ಮುದಿ ಬಾವಿ. ಸಮುದ್ರದಡಿ, ಮೇಲೆ ಗ್ಯಾಸು, ಕೆಳಗೆ ಎಣ್ಣೆ. ಗ್ಯಾಸು ಒತ್ತಿದರೇ ಎಣ್ಣೆ ಏರುವುದು. ಹೊರಬಂದ ಗ್ಯಾಸನ್ನು ಮತ್ತೆ ಒಳಕ್ಕೇ ತುಂಬುತ್ತಿದ್ದೇವೆ, ಒತ್ತಡ ಉಳಿಯಲಿ ಎಂದು. ಬಾವಿಬಾಯಿಯಲ್ಲಿ ಎಣ್ಣೆಯ ಹರಿವನ್ನು ಹಿಡಿದಿಡುವ ಚೋಕ್ ಚಕ್ರ ನನ್ನ ಕೈಯಲ್ಲಿ. ಸಣ್ಣಗೆ ತೆರೆದಿರಬೇಕು. ಫೋರ್‌ಮನ್ ಅಣ್ಣನ ಪಾಠ ಒಂದೇ: "ಆಸೆಬುರುಕ ಆಗ್ಬೇಡ ಕಣೋ. ಬಾಗಿಲು ಪೂರ್ತಿ ತೆಗೆದ್ರೆ ಕರೆಯದೇ ಇದ್ದವನೇ ಮೊದಲು ನುಗ್ತಾನೆ." ಕರೆಯದವನೆಂದರೆ ಗ್ಯಾಸು. ನುಗ್ಗಿದರೆ ಬಾವಿ ಮುಚ್ಚಿ ವಾರಗಟ್ಟಲೆ ಕಾಯಬೇಕು, ಅದು ಮೇಲಕ್ಕೆ ಸರಿಯುವವರೆಗೆ.

ಹದಿನೈದರವರೆಗೆ ಬಾವಿಯ ಪರೀಕ್ಷೆ, ಮೇಡಂ ಬಂದಿರುವುದೂ ಅದಕ್ಕೇ. ಗೆದ್ದರೆ ಬಾವಿಗೆ ಇನ್ನಷ್ಟು ಆಯಸ್ಸು, ಮೇಡಂ ದಡಕ್ಕೆ. ಗ್ಯಾಸು ನುಗ್ಗಿದರೆ ಮತ್ತೆ ಮೊದಲಿಂದ, ಮೇಡಂ ಇಲ್ಲೇ.

ಮಾರ್ಚ್ ೯, ಮಧ್ಯಾಹ್ನ

ಊಟದ ಹಾಲ್‌ನಲ್ಲಿ ಮೇಡಂ ಎದುರಿಗೇ ಕುಳಿತರು.

"ನೀವು ಮಾತಾಡೋದೇ ಇಲ್ವಾ?"

ಅಡುಗೆಯವನು ಒಳಗಿನಿಂದಲೇ: "ಅವನಾ ಮೇಡಂ? ಅವನ ಬಾಯಲ್ಲಿ ಮಾತು ಬರ್ಬೇಕಾದ್ರೆ ಸಮುದ್ರ ಬತ್ಬೇಕು!"

ಎಲ್ಲರೂ ನಕ್ಕರು. ಅವರೂ. ನಾನೂ ನಕ್ಕೆ, ತಟ್ಟೆ ನೋಡಿಕೊಂಡು.

ಮಾರ್ಚ್ ೧೦

ಒಂದು ಮಾತು ಜೋಡಿಸಿಕೊಂಡು ಹೋಗಿದ್ದೆ. "ಗಾಳಿ ಜಾಸ್ತಿ ಇದೆ, ಕಿಟಕಿ ಹಾಕ್ಕೊಳ್ಳಿ." ಹೇಳಿಯೂ ಬಿಟ್ಟೆ. ಲ್ಯಾಬಿಗೆ ಕಿಟಕಿಯೇ ಇಲ್ಲ.

ಮಾರ್ಚ್ ೧೪, ಸಂಜೆ

ನಾಳೆ ಪರೀಕ್ಷೆಯ ಕೊನೆಯ ದಿನ. ಗ್ಯಾಸು ಇನ್ನೂ ನುಗ್ಗಿಲ್ಲ. ಮೇಡಂ ಬಾವಿಯ ಹತ್ತಿರ ಬಂದರು. ಹೆಲ್ಮೆಟ್ಟಿನ ಕೆಳಗೆ, ಹಣೆಯಲ್ಲಿ ಎಣ್ಣೆ ಕಲೆ. ಚಕ್ರ ಮುಟ್ಟಿ,

"ಇದನ್ನ ಕಾಲು ಸುತ್ತು ಜಾಸ್ತಿ ತಿರುಗಿಸಿದ್ರೆ ನಾನು ಇನ್ನೂ ಇಲ್ಲೇ ಇರ್ಬೇಕಾಗುತ್ತೆ, ಅಲ್ವಾ?" ಅಂದರು.

ನಗುತ್ತಲೇ ಅಂದರು. ಮೆಟ್ಟಿಲು ಇಳಿಯುವಾಗ ಎರಡು ಸಲ ತಿರುಗಿ ನೋಡಿದರು. ತಮಾಷೆಗೆ ಅಂದವರು ಒಮ್ಮೆ ನೋಡಿದರೆ ಸಾಲದೇ?

ಮಾರ್ಚ್ ೧೫

ಪಾಳಿಯುದ್ದಕ್ಕೂ ಚಕ್ರದ ಮೇಲೆ ಕೈ. ಕಾಲು ಸುತ್ತು... ಯಾರಿಗೂ ತಿಳಿಯದು. ಅಣ್ಣ ಆಗಾಗ ಬಂದು ಪೈಪಿಗೆ ಕೈಯಿಟ್ಟು ಬಾವಿಯನ್ನೇ ಮಾತಾಡಿಸುತ್ತಿದ್ದರು. "ನಡಿಯಮ್ಮ, ಇನ್ನೊಂಚೂರು ನಡಿ, ನನ್ನ ತಾಯಿ..."

ತಿರುಗಿಸಲಿಲ್ಲ.

ಸಂಜೆ ಗೆದ್ದೆವು. ಅಣ್ಣ ಬೆನ್ನಿಗೆ ಗುದ್ದಿದರು. "ಭಲೇ ಕೈ ಕಣೋ ನಿಂದು!" ಆ ಕೈಯನ್ನು ನೋಡಿಕೊಂಡೆ. ಬೈಯಬೇಕೆನಿಸಿತು.

ಮಾರ್ಚ್ ೧೭

ಹೆಲಿಕಾಪ್ಟರ್ ಬಂತು. ಮೇಡಂ ಪೆಟ್ಟಿಗೆ ನಾನೇ ಹೊತ್ತೆ. ರೆಕ್ಕೆಯ ಸದ್ದಿಗೆ ಕಿವಿ ತೂತಾಗುವ ಹಾಗಿತ್ತು. ಅವರು ಬಾಗಿ ಕೂಗಿದರು:

"ತಿರುಗಿಸ್ಲೇ ಇಲ್ವಲ್ರೀ ನೀವು!"

ಈ ಸಲ ನಗುತ್ತಿರಲಿಲ್ಲ.

ಬಾಯಿ ತೆರೆದೆ. ಮಾತು ಬಂತು, ನನ್ನಾಣೆ ಬಂತು. ಆ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ. ಒಂದು ಕ್ಷಣ ನಿಂತರು. ಹಿಂದಿದ್ದವರು ತಳ್ಳಿದರು, ಹತ್ತಿಬಿಟ್ಟರು. ನಾನು ಅಂದದ್ದು ಇಷ್ಟೇ. "ನಿಮ್ಮನ್ನ ಮೋಸ ಮಾಡಿ ಉಳಿಸ್ಕೊಳ್ಳೋಕೆ ಕೈ ಬರ್ಲಿಲ್ಲ."