ಅಕ್ಕ ಕಟ್ಟಿದ ಗುಂಡು

ಜಿರ್ಜಾ ಸೀಮೆ,
ಮೊಹರಂ, ಹಿಜರಿ 1394

ನನ್ನ ಕಣ್ಣ ಬೆಳಕಾದ ಮಗಳು ಬಹಿಯಾಳಿಗೆ, ಕರುಣಾಳುವಾದ ಅಲ್ಲಾಹನ ಶಾಂತಿಯು ನಿನ್ನ ಮನೆಯ ಮೇಲಿರಲಿ.

ಯುದ್ಧದಲ್ಲಿ ಮಡಿದ ನಿನ್ನ ತಮ್ಮ ರಿಫಾಯಿಯ ಶೌರ್ಯಪದಕವನ್ನು ಸೇನಾಧಿಕಾರಿಗಳು ತಂದ ದಿನ ನಾನು ಕಾಫಿ ಕಾಯಿಸಗೊಡದೆ, ಸಂತಾಪಕ್ಕೆ ಬಂದವರನ್ನು ಬಾಗಿಲಿನಿಂದಲೇ ಹಿಂದಿರುಗಿಸಿದೆನೆಂದು ನೀನು ಕೇಳಿರುವೆ. ನಿನಗದು ಸರಿಯೆನಿಸಿರಬೇಕು. ಕಬ್ಬಿನ ಹೊಲದಲ್ಲಿ ಹಗೆಯ ಮನೆತನದ ಜಾದ್ ಕೊಂದ ನಿನ್ನ ಅಣ್ಣ ಸಲ್ಮಾನನ ರಕ್ತಕ್ಕೆ ರಕ್ತ ಸಲ್ಲುವ ತನಕ ನಮ್ಮಲ್ಲಿ ಸಂತಾಪ ಸ್ವೀಕರಿಸುವಂತಿಲ್ಲ. ಹಿರಿಯನಿಗೆ ಸಲ್ಲದ ಶೋಕ ಕಿರಿಯನಿಗೆ ಸಲ್ಲುವುದೆಂತು? ರಿಫಾಯಿ ಮೂವರು ಸಂಗಾತಿಗಳನ್ನು ಉಳಿಸಿದನೆಂದು ಅಧಿಕಾರಿ ಓದಿದನೇ ಹೊರತು, ಅವರ ಹೆಸರು ಹೇಳಲಿಲ್ಲ.

ಕಳೆದ ಶುಕ್ರವಾರದ ನಮಾಜು ಮುಗಿದ ಮೇಲೆ ಜಾದ್ ನಮ್ಮ ಅಂಗಳಕ್ಕೆ ಬಂದ. ಒಂದು ಕಾಲಿರಲಿಲ್ಲ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಪದ್ಧತಿಯಂತೆ ತನ್ನದೇ ಕಫನಿನ ಬಟ್ಟೆ. ಕೊಲ್ಲುವುದಾದರೆ ಕೊಂದು ಇದರಲ್ಲೇ ಸುತ್ತಿರಿ ಎಂಬಂತೆ. ನಿನ್ನ ಚಿಕ್ಕಪ್ಪನ ಮಗ ಹಂದಾವಿ ಬಂದೂಕನ್ನೆತ್ತಿದ.

"ದೊಡ್ಡಪ್ಪ, ನೀವು ಒಳಗ್ ಹೋಗಿ. ಕುರಿ ತಾನಾಗೇ ಕಟುಕನ ಮನೆಗೆ ನಡ್ಕೊಂಡ್ ಬಂದದೆ."

"ಒಂದೇ ಕಾಲಲ್ಲಿ ಬಂದೀನಪ್ಪ, ಓಡೋಕಾಗಲ್ಲ. ನಿಧಾನಕ್ಕೆ ಹೊಡಿ," ಎಂದ ಜಾದ್. "ಯಜಮಾನ್ರಿಗೆ ಎರಡು ಮಾತು ಹೇಳ್ಬಿಡ್ತೀನಿ."

ಅವನು ಹೇಳಿದ್ದನ್ನು ಮರೆಮಾಚದೆ ಬರೆಯುತ್ತೇನೆ.

ಕಳೆದ ರಂಜಾನಿನ ಯುದ್ಧದಲ್ಲಿ, ಕಾಲುವೆಯ ಪೂರ್ವದಂಡೆಯಲ್ಲಿ, ಅವನೂ ರಿಫಾಯಿಯೂ ಒಂದೇ ತುಕಡಿಯಲ್ಲಿದ್ದರು. ಟ್ಯಾಂಕು ಕಂದಕದ ಮೇಲೆಯೇ ಹರಿದು, ಮರಳುಗೋಡೆ ಕುಸಿದು, ಜಾದ್ ಸೊಂಟದವರೆಗೆ ಹೂತುಹೋದ. ಪಕ್ಕದವನಿಗೆ ತಲೆಯೇ ಇರಲಿಲ್ಲ. ಅವನ ಮಿದುಳು ಜಾದ್‌ನ ಕೆನ್ನೆಗೆ ಮೆತ್ತಿತ್ತು. ಗುಂಡುಗಳೆಲ್ಲ ತೀರಿದ್ದವು. ಶತ್ರುವೊಬ್ಬ ಕಂದಕದ ಅಂಚಿನಲ್ಲಿ ನಿಂತು ಜಾದ್‌ಗೆ ಗುರಿಯಿಟ್ಟ. ಆಗ ರಿಫಾಯಿ ತನ್ನ ತೋಳಿನ ದಾರವನ್ನು ಹಲ್ಲಿನಿಂದ ಹರಿದನು. ಜಾದ್ ಎಂದಾದರೂ ಎದುರಾದರೆ ಇರಲಿ ಎಂದು, ಸೈನ್ಯದ ಬಂದೂಕಿಗೆ ಹೊಂದುವಂಥದನ್ನೇ ಹುಡುಕಿ, ನೀನು ತಾಯಿತದಂತೆ ಕಟ್ಟಿ ಕಳಿಸಿದ್ದ ಗುಂಡು ಅದರಲ್ಲಿತ್ತು.

"ಇದು ನಿಂಗೇ ಅಂತ ಅಕ್ಕ ಕಟ್ಟಿದ್ದು ಕಣೋ," ಎಂದನಂತೆ. "ತಲೆ ತಗ್ಸು."

ಗುಂಡು ಜಾದ್‌ನ ನೆತ್ತಿಯ ಮೇಲಿಂದ ಹಾದು ಶತ್ರುವಿನ ಗಂಟಲನ್ನು ಹೊಕ್ಕಿತು. ಬಿಸಿರಕ್ತ ಜಾದ್‌ನ ಮುಖಕ್ಕೆ ಸುರಿಯಿತು. ರಿಫಾಯಿ ಉಗುರು ಕಿತ್ತುಬರುವಂತೆ ಮರಳನ್ನು ಬಗೆದು, ಅವನನ್ನು ಹೆಗಲಿಗೇರಿಸಿ ಹಿಂದಕ್ಕೆ ಸಾಗಿಸಿದ, ಮತ್ತೊಬ್ಬನನ್ನು ತಂದ, ಮೂರನೆಯವನನ್ನು ಹೊತ್ತಾಗ ಸಿಡಿದ ಲೋಹದ ಚೂರು ಅವನ ಹೊಟ್ಟೆಯನ್ನು ಸೀಳಿತು. ಒಂದು ಕೈಯಲ್ಲಿ ಕರುಳನ್ನು ಒತ್ತಿಹಿಡಿದೇ ನಡೆದು ಬಂದು, ಹೊತ್ತವನನ್ನು ಮೆತ್ತಗೆ ಇಳಿಸಿ, ಆಮೇಲೆ ತಾನು ಬಿದ್ದ. ರಂಜಾನ್ ಉಪವಾಸವಿತ್ತು. ಜಾದ್ ನೀರು ಹಿಡಿದರೆ, ಹೊತ್ತು ಮುಳುಗಿಲ್ಲವೆಂದು ತುಟಿ ಬಿಗಿದನಂತೆ.

"ನನ್ನ ಯಾಕ್ ಉಳಿಸ್ದೆ ಅಂತ ಕೇಳೋಕ್ ಮುಂಚೇನೇ ಹೋಗ್ಬಿಟ್ಟ ಯಜಮಾನ್ರೇ. ಈಗ ಹೊಡೀರಿ."

ಹಂದಾವಿಯ ಬೆರಳು ಬಂದೂಕಿನ ಕುದುರೆಯ ಮೇಲಿತ್ತು. ನಾನು ನಳಿಗೆಯ ಬಾಯಿಗೆ ಎದೆಗೊಟ್ಟು ನಿಂತೆ.

"ನನ್ ಮಗ ಹೊತ್ತು ತಂದಿದ್ದನ್ನ ನೀನು ಕೆಡವ್ತೀಯೇನೋ?"

ಹಗೆ ಮುಗಿಯಿತೆಂಬ ಗುರುತಾಗಿ ಜಾದ್‌ನ ಕೈಯಿಂದ ಕಫನನ್ನು ಸ್ವೀಕರಿಸಿದೆ. ಅವನ ಬದಲಿಗೆ ಕುರಿಯ ಕತ್ತು ಕೊಯ್ದೆವು. ಅಂದೇ ಕಾಫಿ ಕಾಯಿಸಿ, ಇಬ್ಬರು ಮಕ್ಕಳಿಗೂ ಒಟ್ಟಿಗೆ ಸಂತಾಪ ಸ್ವೀಕರಿಸಿದೆ. ಸಲ್ಮಾನನನ್ನು ಮರೆತೆನೆಂದು ತಿಳಿಯಬೇಡ; ಜಾದ್‌ನ ಊರುಗೋಲಿನ ಸದ್ದಿಗೆ ಈಗಲೂ ನನ್ನ ಮುಷ್ಟಿ ಬಿಗಿಯುತ್ತದೆ. ಆದರೂ ರಿಫಾಯಿ ಕೊಟ್ಟ ತೀರ್ಪನ್ನು ತಿದ್ದುವಷ್ಟು ದೊಡ್ಡವನು ನಾನಲ್ಲ.

ನಿನ್ನ ಒಳಿತಿಗೆ ಕೈಯೆತ್ತಿ ಬೇಡುವ,
ತಂದೆ ಹಸ್ಸಾನೈನ್

ತಾ.ಕ.: ಆ ಗುಂಡಿನ ಖಾಲಿ ತೋಟಾವನ್ನು ಜಾದ್ ಆಯ್ದಿಟ್ಟುಕೊಂಡಿದ್ದ, ಇದರೊಡನೆ ಕಳಿಸಿದ್ದೇನೆ. ನೀನೀಗ ನಿನ್ನ ಮಗನ ತೋಳಿಗೆ ಇನ್ನೊಂದು ಗುಂಡು ಕಟ್ಟಿರುವೆಯೆಂದು ಹಂದಾವಿ ಬಾಯಿಬಿಟ್ಟ. ಅದನ್ನು ಬಿಚ್ಚು, ತಾಯಿ. ಕಟ್ಟಲೇಬೇಕೆಂದರೆ ಇದನ್ನು ಕಟ್ಟು.