ಕೊನೇ ಮನೆಯವರೆಗೂ

ಕೋರ್ಬಿನ್, ವರ್ಮಾಂಟ್
ಏಪ್ರಿಲ್ ೯, ಬುಧವಾರ

ಪ್ರೀತಿಯ ತಮ್ಮ ಲೈಮನ್‌ಗೆ,

ಮಂಡಿ ಹೇಗಿದೆಯೋ? ಹೋದ ವಾರ ಟಿವಿಯಲ್ಲಿ ನಿನ್ನ ನೋಡಿದೆ, ಮೆಟ್ಟಿಲು ಇಳಿಯೋವಾಗ ಕಂಬಿ ಬಿಡ್ತಾನೇ ಇರ್ಲಿಲ್ಲ. ಅಪ್ಪನ ಮಂಡಿ ನಿನಗೆ ಬಂತು, ಅಪ್ಪನ ಬಾಯಿ ನನಗೆ ಬಂತು, ಏನು ಮಾಡೋಕಾಗುತ್ತೆ. ಉಪ್ಪು ಕಡಿಮೆ ಮಾಡು. ವಾಷಿಂಗ್ಟನ್ನಿನ ಆ ಔತಣಗಳಲ್ಲಿ ಬಡಿಸಿದ್ದನ್ನೆಲ್ಲ ತಿನ್ನಬೇಡ, ಅರವತ್ತನಾಲ್ಕು ಆಯ್ತು ನಿನಗೆ. ನಾನು ಗಟ್ಟಿ ಇದೀನಿ, ಎಪ್ಪತ್ತಮೂರಕ್ಕೆ ಎಷ್ಟು ಗಟ್ಟಿ ಇರಬಹುದೋ ಅಷ್ಟು. ಓರಿನ್ ವಿಷಯ ಆಮೇಲೆ ಬರೀತೀನಿ.

ಈ ಕಾಗದ ನಿನ್ನ ಕಚೇರಿಗೆ ಹಾಕ್ತಿಲ್ಲ, ಮನೆ ವಿಳಾಸಕ್ಕೇ ಹಾಕ್ತಿದೀನಿ. ಯಾಕೆ ಗೊತ್ತಾ? ಎರಡು ವರ್ಷದ ಹಿಂದೆ, ನನ್ನ ಗಂಡ ಓರಿನ್‌ಗೆ ಎರಡೂ ಮೂತ್ರಪಿಂಡ ಕೈಕೊಟ್ಟಿವೆ, ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಕರ್ಕೊಂಡು ಹೋಗಿ ರಕ್ತ ಶುದ್ಧಿ ಮಾಡಿಸಬೇಕಂತೆ ಅಂತ ಕಚೇರಿಗೆ ಬರೆದಿದ್ದೆ. ಅದಕ್ಕೆ ಬಂದ ಉತ್ತರ ಇನ್ನೂ ಅಡುಗೆಮನೆ ಗೋಡೆ ಮೇಲಿದೆ: 'ಆರೋಗ್ಯ ಸೇವೆಯ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸಿದ್ದಕ್ಕೆ ವಂದನೆಗಳು, ತಮ್ಮಂಥ ನಾಗರಿಕರ ಮಾತೇ ನನಗೆ ದಾರಿದೀಪ.' ಕೆಳಗೆ ನಿನ್ನ ಸಹಿ, ಯಂತ್ರ ಹಾಕಿದ್ದು. ಓರಿನ್ ನಕ್ಕೂ ನಕ್ಕೂ ಕೆಮ್ಮಿದ. 'ನೋಡೇ ಲೋರ್ನಾ, ನಿನ್ನ ತಮ್ಮನಿಗೆ ದಾರಿದೀಪ ಆದೆ ನೀನು' ಅಂದ. ಅವನಿಗೆ ನಿನ್ನ ಮೇಲೆ ಕೋಪ ಅನ್ನೋದು ಯಾವತ್ತೂ ಬಂದದ್ದಿಲ್ಲ. ನನಗೆ ಬಂದಿದೆ, ಬರ್ತಾನೂ ಇದೆ.

ಇಲ್ಲಿ ಹಿಮ ಕರಗಿ ರಸ್ತೆಯೆಲ್ಲ ಕೆಸರು. ಟಪಾಲು ಗಾಡಿ ಸೇತುವೆಯಿಂದ ಮೇಲೆ ಬರೋದಿಲ್ಲ, ನಾನೇ ಬೂಟು ಹಾಕ್ಕೊಂಡು ಇಳಿದು ತರ್ತೀನಿ. ಈ ವರ್ಷ ಸಿಹಿರಸ ಹಿಡಿಯೋಕೆ ಮೇಪಲ್ ಮರಗಳಿಗೆ ಬಕೆಟ್ಟು ಕಟ್ಟಲಿಲ್ಲ. ನಾನು ಹುಟ್ಟಿದ ಮೇಲೆ ಇದೇ ಮೊದಲು. ರಸ ಇಳೀತಾ ಇರೋ ಮರಗಳನ್ನ ಕಿಟಕಿಯಿಂದ ನೋಡ್ಕೊಂಡು ಓರಿನ್ ಸುಮ್ಮನೆ ಕೂತಿರ್ತಾನೆ, ಆಸ್ಪತ್ರೆಯಿಂದ ಬಂದ ದಿನ ಚಮಚ ಎತ್ತೋ ಶಕ್ತಿಯೂ ಇರೋಲ್ಲ ಅವನಿಗೆ.

ಈಗ ವಿಷಯಕ್ಕೆ ಬರ್ತೀನಿ. ಮಾರ್ಚಿ ಮೊದಲ ಮಂಗಳವಾರದ ನಮ್ಮೂರ ಸಭೆ. ನೀನೂ ಇದ್ದೆ, ನಾನೂ ಇದ್ದೆ, ಆದರೂ ಬರೀತೀನಿ. ಯಾಕಂದ್ರೆ ಅವತ್ತು ನೀನು ಎಲ್ಲಿದ್ದೆ ಅಂತ ನಿನಗೆ ಗೊತ್ತಿತ್ತೋ ಇಲ್ಲವೋ ಅನ್ನೋ ಅನುಮಾನ ನನಗೆ ಇನ್ನೂ ಹೋಗಿಲ್ಲ.

ನಿನಗೆ ಇಪ್ಪತ್ಮೂರು ವರ್ಷ ಆಗಿದ್ದಾಗಿನ ಸಭೆ ನೆನಪಿದೆಯಾ? ಅವತ್ತೂ ಇದೇ ಗೊತ್ತುವಳಿ ಬಂದಿತ್ತು: ಥ್ರಾಲ್ ಗುಡ್ಡದ ರಸ್ತೆಗೆ ಚಳಿಗಾಲದಲ್ಲಿ ಹಿಮ ಗುಡಿಸೋ ಲಾರಿ ಕಳಿಸೋದು ನಿಲ್ಲಿಸಬೇಕು ಅಂತ. ಅಪ್ಪ ಮಾತಾಡೋಕೆ ಎದ್ದು, ಸಿಟ್ಟು ಬಂದು, ಬಾಯಿಗೆ ಬಂದದ್ದು ಬೈದು ಕೂತ್ಕೊಂಡ. ಗುಡ್ಡದವರ ಕಥೆ ಮುಗೀತು ಅಂತ ಎಲ್ಲರೂ ಅಂದ್ಕೊಂಡ್ರು. ಆಗ ನೀನು ಎದ್ದೆ. ಸಗಣಿ ಮೆತ್ತಿದ ಬೂಟು, ನಾನು ಹೆಣೆದ ಸ್ವೆಟರು, ಕಿವಿ ಕೆಂಪಗೆ. 'ಕೊನೇ ಮನೆಯವರೆಗೂ ಲಾರಿ ಹೋದ್ರೇನೇ ಅದು ಊರು. ಅರ್ಧ ದಾರಿಗೆ ತಿರುಗಿ ಬಂದ್ರೆ ಅದು ಬರೀ ಲಾರಿ' ಅಂದೆ. ಅಷ್ಟೇ. ಎದ್ದು ನಿಂತು ಎಣಿಸಿಕೊಳ್ಳಿ ಅಂದಾಗ ಅರ್ಧಕ್ಕಿಂತ ಹೆಚ್ಚು ಜನ ನಿನ್ನ ಕಡೆ ಎದ್ದರು. ಅಮ್ಮ ಏಪ್ರನ್ನಿನ ತುದೀಲಿ ಕಣ್ಣು ಒರೆಸಿಕೊಂಡಳು. ನಿನ್ನ ರಾಜಕೀಯ ಹುಟ್ಟಿದ್ದು ಆ ಗಳಿಗೇಲಿ, ಬೇರೆ ಎಲ್ಲೂ ಅಲ್ಲ.

ಮುಂದಿನ ವರ್ಷ ಊರ ಮಂಡಳಿಗೆ ಹೋದೆ. ಆಮೇಲೆ ಮಾಂಟ್‌ಪೀಲಿಯರ್‌ಗೆ, ರಾಜ್ಯದ ಕೆಳಮನೆಗೆ. ಜನವರಿಯಿಂದ ಮೇ ತನಕ ಅಧಿವೇಶನ, ಮೂವರು ಸೇರಿ ಒಂದು ಕೋಣೆ, ಸೋಮವಾರಕ್ಕೆ ನಾನು ಇಸ್ತ್ರಿ ಮಾಡಿಟ್ಟ ಐದು ಅಂಗಿ. ನಿನ್ನ ಹಸುಗಳನ್ನ ಯಾರು ಕರೀತಿದ್ದರು ಲೈಮನ್? ಹನ್ನೊಂದು ಚಳಿಗಾಲ, ದಿನಕ್ಕೆರಡು ಹೊತ್ತು, ತನ್ನ ಹಸು ಮುಗಿಸಿ ನಿನ್ನ ಕೊಟ್ಟಿಗೆಗೆ ಹೋಗ್ತಿದ್ದ ಓರಿನ್. 'ಹುಡುಗ ದೊಡ್ಡ ಕೆಲಸ ಮಾಡ್ತಿದಾನೆ, ಬಿಡೇ' ಅಂತಿದ್ದ. ರಾಜ್ಯದ ಮೇಲ್ಮನೆಗೆ ನಿಂತಾಗ ನಾವಿಬ್ಬರೂ ಕವಲು ರಸ್ತೇಲಿ ನಿನ್ನ ಹೆಸರಿನ ಫಲಕ ಹಿಡಿದು ನಿಂತಿದ್ವಿ. ನವೆಂಬರಿನ ಗಾಳಿ ಓರಿನ್ ಎಡಗೈಯ ಎರಡು ಬೆರಳಿನ ತುದಿ ತಿಂದುಹಾಕಿತು. ಈಗಲೂ ಆ ಬೆರಳಿಗೆ ಬಿಸಿ ತಣ್ಣಗೆ ಗೊತ್ತಾಗಲ್ಲ. ಫಲಕದ ಮೇಲೆ ಏನಿತ್ತು? 'ಲೈಮನ್ ಥ್ರಾಲ್: ಕೊನೇ ಮನೆಯವರೆಗೂ.' ಆಮೇಲೆ ವಾಷಿಂಗ್ಟನ್ನಿನ ಸೆನೆಟ್ಟಿಗೆ ನಿಂತಾಗ ಕ್ಯಾಮೆರಾದವರು ಬಂದು ನಮ್ಮ ರಸ್ತೇಲೇ ಲಾರಿಯ ಹಿಂದೆ ನಿನ್ನ ನಡೆಸಿ ಚಿತ್ರ ತೆಗೆದರು. ಹಿಮ ಸಾಲದು ಅಂತ ಲಾರಿ ಮೂರು ಸಲ ಹಿಂದೆ ಮುಂದೆ ಓಡಾಡ್ತು. ಓರಿನ್ ಅವರಿಗೆಲ್ಲ ಕಾಫಿ ಕೊಟ್ಟ.

ನಡುವೆ ನೀನು ಇನ್ನೊಂದು ಕಲಿತೆ. ಒಂದು ಬೇಸಿಗೆ ಜಗಲೀಲಿ ಕೂತು ನೀನೇ ನಗ್ತಾ ಹೇಳಿದ್ದೆ: 'ಅಕ್ಕಾ, ಕಷ್ಟದ ಮತ ಬಂದಾಗ ಸರಿಯಾಗಿ ಬಾಯಾರಿಕೆ ಆಗೋದು ಒಂದು ಕಲೆ. ಹೆಸರು ಕೂಗೋವಾಗ ನಾನು ನೀರು ಕುಡಿಯೋಕೆ ಹೊರಗಡೆ.' ನಾನೂ ನಕ್ಕೆ, ದೇವರಾಣೆ ನಕ್ಕೆ. ನಮ್ಮ ಹುಡುಗ ಎಷ್ಟು ಜಾಣ ಅಂದ್ಕೊಂಡೆ.

ಈ ಮಾರ್ಚಿಗೆ ಆ ಗೊತ್ತುವಳಿ ಮತ್ತೆ ಬಂತು. ಗುಡ್ಡದ ಮೇಲೆ ಈಗ ನಮ್ಮದೊಂದೇ ಮನೆ. ಊರಲ್ಲಿ ಇರೋದು ಒಂದು ಲಾರಿ, ಓಡಿಸೋಕೆ ಒಬ್ಬ. ನಿಲ್ಲಿಸಿ ಅನ್ನೋರು ಕೆಟ್ಟವರಲ್ಲ, ಶಾಲೆ ಬಸ್ಸಿನ ದಾರಿ ಮೊದಲು ತೆರೆಯಲಿ ಅಂತಾರೆ, ನಾನು ಆ ಜಾಗದಲ್ಲಿದ್ದರೆ ನಾನೂ ಅದನ್ನೇ ಅಂತಿದ್ದೆನೋ ಏನೋ. ಆದರೆ ಹಿಮ ಬಿದ್ದ ಮೇಲೆ ಆ ಎರಡೂವರೆ ಮೈಲಿ ಓರಿನ್‌ನ ಹೇಗೆ ಇಳಿಸಲಿ? ಮಂಗಳವಾರ, ಗುರುವಾರ, ಶನಿವಾರ ತಪ್ಪುವ ಹಾಗಿಲ್ಲ. ಎರಡು ಸಲ ತಪ್ಪಿದರೆ ಆಯ್ತು ಅಷ್ಟೇ ಅಂತ ಡಾಕ್ಟರಮ್ಮ ಮುಖಕ್ಕೇ ಹೇಳಿದಾಳೆ. ಅದಕ್ಕೇ ಫೋನು ಮಾಡಿದೆ. 'ಬರ್ತೀನಿ ಅಕ್ಕಾ, ಖಂಡಿತ ಬರ್ತೀನಿ' ಅಂದೆ ನೀನು. ಸಭೆ ಇದ್ದದ್ದು ಮಂಗಳವಾರ, ಓರಿನ್ ಆಸ್ಪತ್ರೆಯ ಕುರ್ಚೀಲಿ ತೋಳಿಗೆ ಸೂಜಿ ಹಾಕಿಸಿಕೊಂಡು ಮಲಗಿದ್ದ. ನಮ್ಮಲ್ಲಿ ಟಪಾಲಿನಲ್ಲಿ ಮತ ಹಾಕೋ ಹಾಗಿಲ್ಲ, ಕಾಲಿದ್ದು ಬಂದವನದೇ ಮತ. ಬೆಳಿಗ್ಗೆ ಹೊರಡೋವಾಗ 'ನನ್ನ ಬದಲು ಲೈಮನ್ ಇದಾನಲ್ಲ' ಅಂದಿದ್ದ.

ಸಭೆ ನಡೆಸೋ ಮುದುಕ ಮೆರ್ಟನ್ ನಿನಗೋಸ್ಕರ ಊಟದ ಹೊತ್ತನ್ನ ಅರ್ಧ ಗಂಟೆ ಎಳೆದ. ಬೀನ್ಸು ಖಾಲಿ, ಪೈ ಖಾಲಿ, ಚರ್ಚಿನ ಹೆಂಗಸರು ತಟ್ಟೆ ತೊಳೆದೂ ಆಯ್ತು. ಅಷ್ಟರಲ್ಲಿ ಬಂದೆ, ಒಳ್ಳೆ ಕೋಟು, ಜೊತೆಗೆ ನಿನ್ನ ಕಚೇರಿಯ ಇಬ್ಬರು ಹುಡುಗಿಯರು, ಒಬ್ಬ ಪತ್ರಿಕೆಯವನು. ಬೆಳಿಗ್ಗೆಯಿಂದ ಮೂರು ಊರ ಸಭೆ ಮುಗಿಸಿ ಬಂದಿದ್ದೆ. ನನಗೆ ಹೋದ ಜೀವ ಬಂದ ಹಾಗಾಯ್ತು ಕಣೋ, ಸುಳ್ಳು ಯಾಕೆ ಹೇಳಲಿ. ಬಾಗಿಲಲ್ಲೇ ನಿಂತು, ಟೊಪ್ಪಿ ತೆಗೆದು, ನೀನು ಏನಂದೆ? 'ಅಧ್ಯಕ್ಷರೇ, ಈ ಊರಿನ ಮತದಾರನಲ್ಲದವನಿಗೆ ಎರಡು ಮಾತಾಡೋಕೆ ಸಭೆ ಅಪ್ಪಣೆ ಕೊಡಬೇಕು.'

ಮೂರೂ ಊರಲ್ಲಿ ಅದನ್ನೇ ಹೇಳಿ ಬಂದಿದ್ದೆ, ಬಾಯಿಗೆ ಅದೇ ಬಂತು. ಅದು ನನಗೆ ಅರ್ಥವಾಗುತ್ತೆ. ಮೆರ್ಟನ್ ಕನ್ನಡಕದ ಮೇಲಿಂದ ನನ್ನ ನೋಡಿದ. ಊರ ಕಾರ್ಯದರ್ಶಿ ನಾನು, ಮತದಾರರ ಪಟ್ಟಿ ನನ್ನ ಮುಂದೇನೇ ಇತ್ತು. ಓರಿನ್ ಹೆಸರು, ನನ್ನ ಹೆಸರು, ಅದೇ ಮನೆ ವಿಳಾಸದಲ್ಲಿ ನಿನ್ನ ಹೆಸರು. ನಾನು ಬಾಯಿ ತೆರೆಯಲಿಲ್ಲ. ನೀನೇ ನಕ್ಕು ತಿದ್ದಿಕೊಳ್ತೀಯ ಅಂದ್ಕೊಂಡೆ. 'ಆಕ್ಷೇಪಣೆ ಇದೆಯಾ?' ಅಂದ ಮೆರ್ಟನ್. ಯಾರಿಗೂ ಇರಲಿಲ್ಲ. ನೀನು ರಾಜ್ಯದ ಬಗ್ಗೆ, ದೇಶದ ಬಗ್ಗೆ ಚೆನ್ನಾಗಿ ಮಾತಾಡಿದೆ, ಚಪ್ಪಾಳೆ ಬಿತ್ತು, ಆಮೇಲೆ ಹೋಗಿ ಗೋಡೆ ಪಕ್ಕದ ಹೊರಗಿನವರ ಬೆಂಚಿನ ಮೇಲೆ ಕೂತೆ.

ಗುಡ್ಡದ ರಸ್ತೆಯ ಸರದಿ ಬಂದಾಗ ಹಿಂದಿನ ಸಾಲಿಂದ ಯಾರೋ ಕೂಗಿದರು: 'ಅವರಿಗೇನು ಬಿಡ್ರಪ್ಪ, ಸೆನೆಟರ್ ತಮ್ಮ ಇದಾನಲ್ಲ, ಅವನೇ ಬಂದು ಗುಡಿಸ್ಲಿ!' ಎಲ್ಲರೂ ನಕ್ಕರು. ನೀನೂ ನಕ್ಕೆ. ಬಾಯಲ್ಲಿ ಹೌದು ಇಲ್ಲ ಅಂದಾಗ ತೀರ್ಮಾನ ಆಗಲಿಲ್ಲ, ಎದ್ದು ನಿಲ್ಲಿ ಅಂದರು. ನಿಲ್ಲಿಸಿ ಅನ್ನೋರು ಐವತ್ತೇಳು. ಬೇಡ ಅನ್ನೋರು, ನನ್ನನ್ನೂ ಸೇರಿಸಿ, ಐವತ್ತಾರು. ಸಮ ಬಿದ್ದಿದ್ದರೆ ಗೊತ್ತುವಳಿ ಬಿದ್ದುಹೋಗ್ತಿತ್ತು, ನಿನಗೆ ಗೊತ್ತಿಲ್ಲದ ನಿಯಮವೇನಲ್ಲ. ತೀರ್ಮಾನ ಸಾರೋ ಸುತ್ತಿಗೆಯನ್ನ ಮೆರ್ಟನ್ ಎತ್ತಿ ಹಾಗೇ ಹಿಡಿದ. 'ಎಣಿಕೆಗೆ ಸಿಗದೆ ಉಳಿದವರು ಯಾರಾದರೂ ಇದ್ದೀರಾ?' ಅಂದ. ಬೆಂಚಿನ ಕಡೆ ನೋಡ್ಕೊಂಡೇ ಅಂದ. ಅವನು ಒಳ್ಳೆಯ ಮನುಷ್ಯ.

ನಾನು ನಿನ್ನ ನೋಡ್ತಿದ್ದೆ. ನಿನ್ನ ಎರಡೂ ಕೈ ಬೆಂಚಿನ ಅಂಚು ಹಿಡಿದವು, ಮೈ ಒಂದು ಗೇಣು ಮೇಲೆದ್ದಿತು. ಆಮೇಲೆ ಪತ್ರಿಕೆಯವನ ಪೆನ್ನಿನ ಕಡೆ ನೋಡಿದೆ. ಮತದಾರನಲ್ಲ ಅಂತ ಹೇಳಿದ ಬಾಯಲ್ಲೇ ಮತದಾರ ಅಂದ್ರೆ ನಾಳೆ ಏನು ಅಚ್ಚಾಗುತ್ತೆ ಅಂತ ಯೋಚನೆ ಮಾಡಿದೆ, ಅಲ್ವಾ? ಕೂತುಬಿಟ್ಟೆ. ಒಂದು ಮಾತು ನಾನೂ ಹೇಳಬಹುದಿತ್ತು, ಪಟ್ಟಿ ಎತ್ತಿ ತೋರಿಸಬಹುದಿತ್ತು. ಹೇಳಲಿಲ್ಲ. ಒಡಹುಟ್ಟಿದವನನ್ನ ಕೈ ಹಿಡಿದು ಎಬ್ಬಿಸಬೇಕಾ ಅನ್ನೋ ಹಾಳು ಜಂಬ. ಆ ಪಾಪದಲ್ಲಿ ಅರ್ಧ ನನ್ನದು, ಅದನ್ನ ನಾನು ಯಾರ ತಲೆಗೂ ಕಟ್ಟೋದಿಲ್ಲ. ಸುತ್ತಿಗೆ ಬಿತ್ತು. ನೀನು ಹೋಗೋವಾಗ ನನ್ನ ಕೆನ್ನೆಗೆ ಮುತ್ತು ಕೊಟ್ಟು 'ನೋಡೋಣ, ಏನಾದ್ರೂ ಮಾಡೋಣ' ಅಂದೆ.

ಹೋದ ಸೋಮವಾರ ನಿನ್ನ ಕಚೇರಿಯ ಹುಡುಗಿ ಫೋನು ಮಾಡಿದ್ದಳು. ನೀನು ಏನಾದ್ರೂ ಮಾಡಿದೀಯೇನೋ ಅಂತ ಆಸೆಯಿಂದ ಕೇಳಿಸ್ಕೊಂಡೆ. ಅವಳಿಗೆ ಬೇಕಾಗಿದ್ದದ್ದು ನಡಾವಳಿ ಪುಸ್ತಕದಲ್ಲಿ 'ಮತದಾರನಲ್ಲದ' ಅನ್ನೋ ಒಂದು ಪದ ಬಿಟ್ಟುಬಿಡಬೇಕು ಅನ್ನೋದು. ಮುಂದಿನ ವರ್ಷ ಚುನಾವಣೆ ಇದೆಯಲ್ಲ, ಎದುರಾಳಿಗಳು ಸೆನೆಟರ್ ನಿಜವಾಗಿ ಎಲ್ಲಿ ವಾಸ ಮಾಡ್ತಾರೆ ಅಂತ ಕೇಳ್ತಾರಂತೆ. ಪಾಪ, ಮೃದುವಾಗೇ ಕೇಳಿದಳು. ಮೂವತ್ತೊಂದು ವರ್ಷದಿಂದ ಆ ಪುಸ್ತಕ ಬರೀತಿದೀನಿ, ಆಡದ ಮಾತು ಸೇರಿಸಿಲ್ಲ, ಆಡಿದ್ದು ಬಿಟ್ಟಿಲ್ಲ ಅಂದೆ. ಪದ ಅಲ್ಲೇ ಇರುತ್ತೆ. ನಿನ್ನ ಹೆಸರೂ ಪಟ್ಟೀಲಿ ಇರುತ್ತೆ, ನಾನು ಹೊಡೆದುಹಾಕೋದಿಲ್ಲ. ಮಹಡಿ ಕೋಣೇಲಿ ನಿನ್ನ ಮಂಚ ಇದೆ, ಪ್ರತಿ ವಸಂತಕ್ಕೆ ಹೊದಿಕೆ ಬದಲಾಯಿಸ್ತಾನೇ ಬಂದಿದೀನಿ. ಯಾರಾದರೂ ಬಂದು ಕೇಳಿದ್ರೆ ನಮ್ಮ ಲೈಮನ್ ಇಲ್ಲೇ ಇರೋದು ಅಂತ ಹೇಳೋದು ಸುಳ್ಳಾಗಬಾರದು ಅಂತ. ಮೊನ್ನೆಯೂ ಬದಲಾಯಿಸಿದೆ. ಅಭ್ಯಾಸ.

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು, ಮಕ್ಕಳಿಗೆ ಮುತ್ತು. ಅಮ್ಮ ಇದ್ದಿದ್ದರೆ ನಿನ್ನ ತಲೆ ಸವರಿ ಒಳ್ಳೇದಾಗಲಿ ಅಂತಿದ್ದಳು. ಅವಳ ಬದಲು ನಾನೇ ಅಂತೀನಿ, ಒಳ್ಳೇದಾಗಲಿ.

ನಿನ್ನ ಅಕ್ಕ,
ಲೋರ್ನಾ

ತಾ.ಕ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೀನಿ. ಓರಿನ್ ವಿಷಯ ಬರೀತೀನಿ ಅಂದಿದ್ದೆನಲ್ಲ. ಪೇಟೇಲಿ ಬಾಡಿಗೆ ಕೋಣೆ ನೋಡಿದ್ದೆ, ಅವನು ಒಲ್ಲೆ ಅಂದ. ಬರೋ ಚಳಿಗಾಲಕ್ಕೆ ಲಾರಿ ನಿಂತ ಮೇಲೆ ಆಸ್ಪತ್ರೆಗೆ ಹೋಗೋದಿಲ್ಲವಂತೆ, ಈ ಮನೇಲೇ ಇರ್ತಾನಂತೆ. ರಕ್ತ ಶುದ್ಧಿ ನಿಲ್ಲಿಸಿದ ಮೇಲೆ ಹತ್ತು ದಿನ, ಹೆಚ್ಚಂದ್ರೆ ಎರಡು ವಾರ ಅಂದಳು ಡಾಕ್ಟರಮ್ಮ. ಮೂರು ರಾತ್ರಿ ಅತ್ತು ಜಗಳ ಆಡಿದೆ, ಈಗ ಬಿಟ್ಟಿದೀನಿ. ನಿನ್ನ ಮೇಲೆ ಅವನಿಗೆ ಏನೂ ಇಲ್ಲ, 'ಹುಡುಗನಿಗೆ ಹೇಳಬೇಡ, ಅವನಿಗೆ ಕೆಲಸ ಜಾಸ್ತಿ' ಅಂದ. ನಾನು ಹೇಳ್ತಿದೀನಿ. ಗೊತ್ತುವಳಿ ಪ್ರಕಾರ ನವೆಂಬರ್ ಹದಿನೈದರ ತನಕ ರಸ್ತೆ ತೆರೆದಿರುತ್ತೆ, ಆಮೇಲೆ ಲಾರಿ ಬರೋಲ್ಲ. ಬರೋದಾದ್ರೆ ಅಷ್ಟರೊಳಗೆ ಬಾ. ಒಬ್ಬನೇ ಬಾ.